ಕಿವಿಗೊಟ್ಟು ನಡೆಯಬೇಕಾದ ಹಾದಿಗಳು

ತಪಸ್ಸುಕಾಲದ ಶುಕ್ರವಾರಗಳಂದು ನಮ್ಮ ದೇವಾಲಯಗಳಲ್ಲಿ ಶಿಲುಬೆ ಹಾದಿಯ ಭಕ್ತಿ ನಡೆಯುತ್ತದೆ. ಒಬ್ಬರು ಓದುತ್ತಾರೆ, ಉಳಿದವರು ಕಿವಿಗೊಡುತ್ತಾರೆ. ಒಂದು ಸ್ಥಳದಲ್ಲಿ ಮೊಣಕಾಲೂರಿ, ಮತ್ತೆ ಎದ್ದು, ಮುಂದಿನ ಸ್ಥಳಕ್ಕೆ ಸಾಗುತ್ತಾರೆ. ಜೆರುಸಲೇಮಿಗೆ ಹೋಗಲಾಗದ ಬಡವರಿಗೆ ಆ ನಗರದ ಬೀದಿಯನ್ನೇ ಅವರ ಊರಿಗೆ ತಂದುಕೊಟ್ಟ ಭಕ್ತಿ ಇದು. 1342ರಲ್ಲಿ ಪವಿತ್ರ ನಾಡಿನ ಪುಣ್ಯಸ್ಥಳಗಳ ಪಾಲನೆಯ ಹೊಣೆ ಹೊತ್ತ ಫ್ರಾನ್ಸಿಸ್ಕನ್ ಸಭೆಯವರು ಇದನ್ನು ಲೋಕದೆಲ್ಲೆಡೆ ಹರಡಿದರು. 1731ರಲ್ಲಿ ಹನ್ನೆರಡನೆಯ ಕ್ಲೆಮೆಂಟ್ ಜಗದ್ಗುರುಗಳು ಸ್ಥಳಗಳ ಸಂಖ್ಯೆಯನ್ನು ಹದಿನಾಲ್ಕೆಂದು ನಿಗದಿಪಡಿಸಿದರು. ಕುಳಿತು ಕೇಳಿದ ಮಾತು ತಲೆಗೆ ಹೋಗುತ್ತದೆ, ನಡೆಯುತ್ತ ಕೇಳಿದ ಮಾತು ಕಾಲಿಗೂ ಇಳಿಯುತ್ತದೆ ಎಂಬ ಸತ್ಯ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು.

ಇದೇ ಸತ್ಯವನ್ನು ಇಂದಿನ ಲೋಕ ಬೇರೊಂದು ರೂಪದಲ್ಲಿ ಬಳಸಿಕೊಳ್ಳುತ್ತಿದೆ. ಅದನ್ನು 'ಧ್ವನಿನಡಿಗೆ' ಎಂದು ಕರೆಯಬಹುದು. ನಡೆಯುವವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೊತ್ತಾದ ಹಾದಿಯಲ್ಲಿ ಸಾಗುತ್ತಾನೆ. ಗೊತ್ತಾದ ಜಾಗಕ್ಕೆ ಬಂದಾಗ ಆ ಜಾಗದ ಕಥೆ ಅವನ ಕಿವಿಯಲ್ಲಿ ತೆರೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಇಂದಿನ ಅಂಗಡಿ, ಇಂದಿನ ರಸ್ತೆ. ಕಿವಿಗೆ ಕೇಳುವುದು ಇನ್ನೂರು ವರ್ಷಗಳ ಹಿಂದೆ ಅಲ್ಲಿ ನಿಂತಿದ್ದವರ ಸಂಕಟ. ಕೆನಡಾದ ಕಲಾವಿದೆ ಜಾನೆಟ್ ಕಾರ್ಡಿಫ್ 1991ರಲ್ಲಿ ಬಾನ್ಫ್ ಎಂಬಲ್ಲಿ ಇಂತಹ ತಮ್ಮ ಮೊದಲ ನಡಿಗೆಯನ್ನು ರೂಪಿಸಿದರು. ಗುಲಾಮರ ವ್ಯಾಪಾರದಿಂದ ಸಿರಿವಂತವಾದ ಬ್ರಿಸ್ಟಲ್, ಲಿವರ್‌ಪೂಲ್, ಆಮ್‌ಸ್ಟರ್‌ಡಾಂನಂತಹ ಬಂದರು ನಗರಗಳು ಇಂದು ಆ ವ್ಯಾಪಾರದ ಕುರುಹುಗಳನ್ನು ನಡಿಗೆಗಳ ಮೂಲಕ ತೋರಿಸುತ್ತಿವೆ. ಆಫ್ರಿಕದ ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಯುನೆಸ್ಕೊ ಸಂಸ್ಥೆ 1994ರಲ್ಲಿ 'ಗುಲಾಮರ ಹಾದಿ' ಎಂಬ ಯೋಜನೆಯನ್ನು ಆರಂಭಿಸಿತು. ಸರಪಳಿ ತೊಟ್ಟವರು ಊರಿನಿಂದ ಕಡಲ ದಂಡೆಗೆ ನಡೆದ ದಾರಿಯಲ್ಲಿ ಇಂದು ಯಾತ್ರಿಕರು ನಡೆಯುತ್ತಾರೆ.

ಅದೆಲ್ಲ ದೂರದೇಶದ ಮಾತಾಯಿತು, ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಅದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಆಗಬೇಕಾದದ್ದು ಬಹಳಷ್ಟಿದೆ ಎಂಬುದು ಈ ಲೇಖನದ ವಾದ. ಕರ್ನಾಟಕದ ಕಥೋಲಿಕರಾದ ನಾವು ಈ ಕಥೆಯ ಎರಡೂ ಬದಿಗಳಲ್ಲಿ ನಿಂತವರು. ಒಂದು ಕಡೆ ಸೆರೆಯಾಳುಗಳಾದೆವು, ಇನ್ನೊಂದು ಕಡೆ ನಮ್ಮ ಧರ್ಮದ ಹೆಸರು ಹೊತ್ತವರೇ ಮನುಷ್ಯರನ್ನು ಕೊಂಡು ಮಾರಿದರು. ಮೊದಲನೆಯದನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇವೆ. ಎರಡನೆಯದರ ಬಗ್ಗೆ ನಮ್ಮ ಮನೆಗಳಲ್ಲಿ ಮಾತಿಲ್ಲ.

ನಾವು ನೆನೆಯುವ ಸೆರೆ

ಮೊದಲನೆಯದು ಶ್ರೀರಂಗಪಟ್ಟಣದ ಸೆರೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಟಿಪ್ಪು ಸುಲ್ತಾನನು 1784ರ ಫೆಬ್ರುವರಿಯಲ್ಲಿ, ತಪಸ್ಸುಕಾಲ ಕಾಲಿಡುವ ಹೊತ್ತಿಗೆ, ಕೆನರಾ ಕರಾವಳಿಯ ಕ್ರೈಸ್ತರನ್ನು ಬಂಧಿಸಿ ಘಟ್ಟ ಹತ್ತಿಸಿದನು. ಆಸ್ತಿ ಮುಟ್ಟುಗೋಲಾಯಿತು, ಇಗರ್ಜಿಗಳು ನೆಲಕ್ಕುರುಳಿದವು. ಬಂದಿಗಳ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಬೇರೆ ಬೇರೆಯವರು ಅಂದಾಜು ಮಾಡಿದ್ದಾರೆ. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ, ಅಂದರೆ ಹದಿನೈದು ವರ್ಷ, ಈ ಸೆರೆ ಮುಂದುವರಿಯಿತು. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. 1792ರಲ್ಲಿ ಅವನು ಸ್ಥಾಪಿಸಿದ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಆ ಔದಾರ್ಯಕ್ಕೆ ಇಂದಿಗೂ ಸಾಕ್ಷಿ. ಒಬ್ಬ ಅರಸ ಬಂಧಿಸಿದ, ಮತ್ತೊಬ್ಬ ಅನ್ಯಧರ್ಮೀಯ ಅರಸ ಆಶ್ರಯ ಕೊಟ್ಟ. ಮಕ್ಕಳಿಗೆ ಈ ಕಥೆ ಹೇಳುವಾಗ ಎರಡನೆಯ ಮಾತನ್ನು ಬಿಟ್ಟರೆ ಅದು ಇತಿಹಾಸವಾಗುವುದಿಲ್ಲ, ಹಗೆಯ ಬೀಜವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಪೂರ್ವಜರ ಕಣ್ಣೀರನ್ನು ತಮ್ಮ ರಾಜಕೀಯದ ಹೊಲಕ್ಕೆ ನೀರಾಗಿ ಹಾಯಿಸಿಕೊಳ್ಳುವವರು ಹೆಚ್ಚಿದ್ದಾರೆ. ಅವರ ಕೈಗೆ ನಮ್ಮ ನೆನಪನ್ನು ಒಪ್ಪಿಸಬಾರದು.

ನಾವು ಮರೆತ ಸೆರೆ

ಎರಡನೆಯ ಕಥೆಗೆ ಹಳೆಯ ಗೋವೆಗೆ ಹೋಗಬೇಕು. ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ದರ್ಶನಕ್ಕೆ ನಮ್ಮ ಧರ್ಮಕೇಂದ್ರಗಳಿಂದ ಬಸ್ಸು ಮಾಡಿಕೊಂಡು ಹೋಗುವವರು ಬಹಳ ಮಂದಿ. 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ಸಾರ್ವಜನಿಕ ದರ್ಶನಕ್ಕೂ ಹೋಗಿಬಂದಿದ್ದಾರೆ. ಆ ನಗರದಲ್ಲಿ ಒಂದು ಕಾಲಕ್ಕೆ 'ನೇರ ಬೀದಿ' ಎಂದು ಹೆಸರಾಗಿದ್ದ ರಾಜಬೀದಿಯೊಂದಿತ್ತು. 1583ರಲ್ಲಿ ಗೋವೆಗೆ ಬಂದ ಲಿನ್‌ಶೋಟೆನ್ ಎಂಬ ಡಚ್ಚನು ಅಲ್ಲಿನ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿದ್ದವನು. 1596ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅವನು ಆ ಬೀದಿಯ ಹರಾಜನ್ನು ವರ್ಣಿಸಿದ್ದಾನೆ. ಕುದುರೆ, ಬಟ್ಟೆ, ಸಾಂಬಾರ ಪದಾರ್ಥಗಳ ಜೊತೆಯಲ್ಲೇ ಗಂಡಸರು, ಹೆಂಗಸರು, ಮಕ್ಕಳು ಅಲ್ಲಿ ಬೆಲೆಗೆ ಹೋಗುತ್ತಿದ್ದರು. ಹರಾಜಿನ ಕೂಗು ಮತ್ತು ಇಗರ್ಜಿಯ ಗಂಟೆ ಒಂದೇ ಗಾಳಿಯಲ್ಲಿ ಬೆರೆಯುತ್ತಿದ್ದವು.

ಇದಕ್ಕೆ ಕಾಗದದ ಬಲವೂ ಇತ್ತು. 1452ರಲ್ಲಿ ಐದನೆಯ ನಿಕೊಲಾಸ್ ಜಗದ್ಗುರುಗಳು ಪೋರ್ಚುಗಲ್ಲಿನ ದೊರೆಗೆ ಅಕ್ರೈಸ್ತರನ್ನು ಜಯಿಸಿ ಶಾಶ್ವತ ದಾಸ್ಯಕ್ಕೆ ಒಳಪಡಿಸುವ ಅಧಿಕಾರ ಕೊಟ್ಟರು, 1455ರಲ್ಲಿ ಅದನ್ನು ಮತ್ತೆ ದೃಢಪಡಿಸಿದರು. ಇದು ಶತ್ರುಗಳು ಕಟ್ಟಿದ ಕಥೆಯಲ್ಲ, ಧರ್ಮಸಭೆಯ ಸ್ವಂತ ದಾಖಲೆ. ಆದರೆ ಅದೇ ಧರ್ಮಸಭೆಯ ಒಳಗಿಂದಲೇ ಬೇರೆ ಧ್ವನಿಯೂ ಎದ್ದಿತು. 1537ರಲ್ಲಿ ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನು ದಾಸರನ್ನಾಗಿಸಬಾರದೆಂದು ಘೋಷಿಸಿದರು. ಸಂತ ಪೀಟರ್ ಕ್ಲೇವರರು ಕಾರ್ತಹೇನ ಬಂದರಿನಲ್ಲಿ ಹಡಗಿನ ತಳದಿಂದ ಇಳಿಸಲಾದ ಗುಲಾಮರ ಹುಣ್ಣು ತೊಳೆಯುತ್ತ ಜೀವ ಸವೆಸಿದರು. 1839ರಲ್ಲಿ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1992ರ ಫೆಬ್ರುವರಿ 22ರಂದು ಎರಡನೆಯ ಜಾನ್ ಪೌಲರು ಸೆನೆಗಲ್ಲಿನ ಗೊರೆ ದ್ವೀಪದ ಗುಲಾಮರ ಮನೆಯಲ್ಲಿ ನಿಂತು ಕ್ಷಮೆ ಬೇಡಿದರು. 2023ರ ಮಾರ್ಚಿಯಲ್ಲಿ ವ್ಯಾಟಿಕನ್ ಆ ಹದಿನೈದನೆಯ ಶತಮಾನದ ಪತ್ರಗಳ ಮೇಲೆ ಕಟ್ಟಲಾದ ಹಕ್ಕಿನ ವಾದವನ್ನು ಅಧಿಕೃತವಾಗಿ ತಿರಸ್ಕರಿಸಿತು. ಜಗದ್ಗುರುಗಳೇ ಕ್ಷಮೆ ಬೇಡಿದ ಮೇಲೆ ನಾವು ಮರೆಮಾಚುವುದಕ್ಕೆ ಏನಿದೆ?

ಗೋವೆಯ ಗುಲಾಮರಲ್ಲಿ ಅನೇಕರು ಆಫ್ರಿಕದ ಮೊಜಾಂಬಿಕ್ ಕಡೆಯಿಂದ ಬಂದವರು. ಅವರಲ್ಲಿ ಕೆಲವರು ತಪ್ಪಿಸಿಕೊಂಡು, ಕೆಲವರು ಬಿಡುಗಡೆ ಹೊಂದಿ, ಸಹ್ಯಾದ್ರಿಯ ದಟ್ಟ ಕಾಡು ಸೇರಿದರು. ಅವರ ಸಂತತಿಯೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲ ಮೊದಲಾದ ತಾಲ್ಲೂಕುಗಳಲ್ಲಿರುವ ಸಿದ್ದಿ ಜನ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದ ಕಥೋಲಿಕರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಹಬ್ಬಕ್ಕೆ ದಮಾಮಿ ವಾದ್ಯದ ಕುಣಿತ. ಪೋರ್ಚುಗಲ್ ತನ್ನ ಎಲ್ಲ ವಸಾಹತುಗಳಲ್ಲಿ ದಾಸ್ಯವನ್ನು ರದ್ದುಪಡಿಸಿದ್ದು 1869ರಲ್ಲಿ. ಕಾಡು ಸೇರಿದವರು ಮಾತ್ರ ತಮ್ಮ ಬಿಡುಗಡೆಯನ್ನು ಯಾವ ದೊರೆಯ ಆಜ್ಞೆಗೂ ಕಾಯದೆ ತಾವೇ ಪಡೆದುಕೊಂಡವರು. ಆದರೆ ಕಾಡಿನಂಚಿನ ಜಮೀನ್ದಾರರ ಮನೆಗಳಲ್ಲಿ ಹಲವರಿಗೆ ಜೀತವೇ ಗತಿಯಾಯಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದ ಮೊದಲ ಶಾಸನಸಭಾ ಸದಸ್ಯರಾದದ್ದು 2020ರಲ್ಲಿ.

ಇಲ್ಲೊಂದು ಕಹಿ ಪ್ರಶ್ನೆಯನ್ನು ಕೇಳಲೇಬೇಕು. ಸಿದ್ದಿ ಕ್ರೈಸ್ತರು ನಮ್ಮ ವಿಶ್ವಾಸದವರೇ. ನಮ್ಮೊಡನೆ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸುವವರು. ಆದರೆ ಮದುವೆಯ ಮಾತುಕತೆಯಲ್ಲಿ, ಊಟದ ಪಂಕ್ತಿಯಲ್ಲಿ, ಸಂಘ ಸಂಸ್ಥೆಗಳ ಅಧ್ಯಕ್ಷಗಿರಿಯಲ್ಲಿ ಅವರು ಎಲ್ಲಿದ್ದಾರೆ? ಸಂತ ಪೌಲರು ಓಡಿಬಂದ ದಾಸ ಒನೇಸಿಮನನ್ನು ಯಜಮಾನ ಫಿಲೆಮೋನನ ಬಳಿಗೆ ಕಳುಹಿಸುವಾಗ, ಇವನನ್ನು ಇನ್ನು ಆಳೆಂದು ಕಾಣದೆ ಪ್ರಿಯ ಸಹೋದರನೆಂದು ಬರಮಾಡಿಕೋ ಎಂಬ ಅರ್ಥದಲ್ಲಿ ಬರೆದರು. ಆ ಪತ್ರ ನಮ್ಮ ವಿಳಾಸಕ್ಕೂ ಬಂದಿದೆ. ನಾವು ಇನ್ನೂ ಒಡೆದು ಓದಿಲ್ಲ.

ನಮ್ಮ ಹೋಬಳಿಯ ಮಾತು

ಉತ್ತರ ಕನ್ನಡ ದೂರವೆನ್ನುವವರು ಸುತ್ತಲಿನ ಮಣ್ಣನ್ನೇ ಕೇಳಲಿ. ನಮ್ಮ ತಾಲ್ಲೂಕಿನ ಸೂಳೆಕೆರೆಯನ್ನು ಕಟ್ಟಿಸಿದ ಶಾಂತವ್ವೆಯ ಕಥೆ ಎಲ್ಲರ ಬಾಯಲ್ಲಿದೆ. ಏರಿಗೆ ಮಣ್ಣು ಹೊತ್ತ ತಲೆಗಳ ಕಥೆ ಯಾರಿಗೂ ಬಾರದು. ಮನುಷ್ಯನನ್ನು ಮನುಷ್ಯ ಕಟ್ಟಿಹಾಕುವ ಪದ್ಧತಿ ಪರಕೀಯರು ಮಾತ್ರ ಹಡಗಿನಲ್ಲಿ ತಂದದ್ದಲ್ಲ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಕರಾವಳಿಯ ಹೊಲಗಳಲ್ಲಿ ದುಡಿಯುತ್ತಿದ್ದ ಹುಟ್ಟಾಳುಗಳನ್ನೂ ಅವರ ಬೆಲೆಯನ್ನೂ ದಾಖಲಿಸಿದ್ದಾನೆ. 1843ರ ಐದನೆಯ ಕಾಯಿದೆ ಕಂಪೆನಿ ಸರಕಾರದ ನ್ಯಾಯಾಲಯಗಳು ದಾಸ್ಯದ ಹಕ್ಕನ್ನು ಮಾನ್ಯ ಮಾಡದಂತೆ ತಡೆಯಿತು. ಆದರೆ ಆಳು ಎಂಬ ಹೆಸರು ಹೋಗಿ ಸಾಲಗಾರ ಎಂಬ ಹೆಸರು ಬಂದಿತು, ಅಷ್ಟೆ. ಮಗಳ ಮದುವೆಗೋ ತಂದೆಯ ತಿಥಿಗೋ ತೆಗೆದುಕೊಂಡ ನೂರಿನ್ನೂರು ರೂಪಾಯಿ ಮೂರು ತಲೆಮಾರು ಕಳೆದರೂ ತೀರಲಿಲ್ಲ.

ಸಂವಿಧಾನದ 23ನೆಯ ವಿಧಿ ಬಿಟ್ಟಿ ಬೇಗಾರಿಯನ್ನೂ ಮನುಷ್ಯರ ಮಾರಾಟವನ್ನೂ ನಿಷೇಧಿಸಿದೆ. ಜೀತ ಪದ್ಧತಿ ನಿರ್ಮೂಲನ ಕಾಯಿದೆ 1976ರ ಫೆಬ್ರುವರಿ 9ರಂದು ಅಂಕಿತ ಪಡೆದು, 1975ರ ಅಕ್ಟೋಬರ್ 25ರಿಂದಲೇ ಜಾರಿಯಾದಂತೆ ಪರಿಗಣಿತವಾಯಿತು. ಎಲ್ಲ ಜೀತಸಾಲಗಳೂ ಅಂದೇ ರದ್ದಾದವು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿದೆ. ಈ ತೀರ್ಪನ್ನು ನಮ್ಮ ಎಷ್ಟು ತೋಟದ ಮಾಲಿಕರು ಓದಿದ್ದಾರೆ? ಕೊನೆ ಕೊಯ್ಯುವವರು, ಬೆರಳು ಕಪ್ಪಾಗುವಂತೆ ರಾತ್ರಿಯೆಲ್ಲ ಅಡಿಕೆ ಸುಲಿಯುವ ಹೆಂಗಸರು, ಮುಂಗಡ ಪಡೆದು ಕಾಫಿ ಸೀಮೆಗೂ ಕಬ್ಬು ಕಡಿಯುವುದಕ್ಕೂ ಗುಳೆ ಹೋಗುವ ತಾಂಡಾದ ಕುಟುಂಬಗಳು ನಮ್ಮ ಕಣ್ಣ ಮುಂದೆಯೇ ಇದ್ದಾರೆ. ಮುಂಗಡವೆಲ್ಲ ಜೀತವಲ್ಲ. ಆದರೆ ಮುಂಗಡ ತೀರುವ ತನಕ ಬೇರೆಡೆ ಹೋಗಕೂಡದು ಎಂದು ತಡೆಯುವ ಕ್ಷಣದಲ್ಲಿ ಅದು ಜೀತವಾಗುತ್ತದೆ. ಭಾನುವಾರ ಬಲಿಪೂಜೆಗೆ ಬರುವ ನಮ್ಮ ಮನೆಗಳ ಕೆಲಸದ ಹುಡುಗಿಗೆ ಭಾನುವಾರ ರಜೆ ಇದೆಯೇ ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮುಖ.

ಆಕ್ಷೇಪಗಳು

ಇಂತಹ ಧ್ವನಿನಡಿಗೆಯನ್ನು ಧರ್ಮಕೇಂದ್ರಗಳು ಕೈಗೆತ್ತಿಕೊಳ್ಳಬೇಕೆಂದಾಗ ಮೂರು ಆಕ್ಷೇಪಗಳು ಬರಬಹುದು. ಅಲ್ಪಸಂಖ್ಯಾತರಾದ ನಾವು, ಅದೂ ಇಂದಿನ ದಿನಗಳಲ್ಲಿ, ನಮ್ಮ ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆಯಬೇಕೆ ಎಂಬುದು ಮೊದಲನೆಯದು. ಈ ಆತಂಕ ಪೊಳ್ಳಲ್ಲ. ಆದರೆ ಪಾಪನಿವೇದನೆಯ ಸಂಸ್ಕಾರವನ್ನು ನಂಬಿದ ಸಮುದಾಯಕ್ಕೆ ಸತ್ಯ ಹೇಳಿದರೆ ಸೋತೆವೆಂಬ ಭಯ ಒಪ್ಪುವುದಿಲ್ಲ. ತನ್ನ ತಪ್ಪನ್ನು ತಾನೇ ಹೇಳಿಕೊಂಡವನ ಮಾತಿಗೆ, ತನ್ನ ನೋವನ್ನು ಹೇಳುವಾಗಲೂ ತೂಕ ಬರುತ್ತದೆ. ಗೋವೆಯ ಹರಾಜಿನ ಬೀದಿಯನ್ನು ಒಪ್ಪಿಕೊಂಡವರು ಶ್ರೀರಂಗಪಟ್ಟಣದ ಸೆರೆಯ ಬಗ್ಗೆ ಮಾತನಾಡಿದರೆ ಲೋಕ ನಂಬುತ್ತದೆ.

ಭಕ್ತಿಯ ಜಾಗದಲ್ಲಿ ಮೊಬೈಲನ್ನು ತರುವುದು ಸರಿಯಲ್ಲ ಎಂಬುದು ಎರಡನೆಯ ಆಕ್ಷೇಪ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವನು ಪಕ್ಕದವನಿಂದ ದೂರವಾಗುತ್ತಾನೆ ಎಂಬ ಮಾತಿನಲ್ಲಿ ಹುರುಳಿದೆ. ಆದ್ದರಿಂದ ನಡಿಗೆ ಒಬ್ಬಂಟಿಯದಾಗಬಾರದು. ಹತ್ತು ಹನ್ನೆರಡು ಮಂದಿ ಒಟ್ಟಿಗೆ ನಡೆದು, ಪ್ರತಿ ನಿಲುಗಡೆಯಲ್ಲೂ ಯಂತ್ರ ತೆಗೆದಿಟ್ಟು, ಒಂದು ಗಳಿಗೆ ಮೌನವಾಗಿದ್ದು, ಅನಂತರ ಒಬ್ಬರಿಗೊಬ್ಬರು ಮಾತನಾಡಬೇಕು. ಕಣ್ಣು ಮಂಜಾದ ಹಿರಿಯರಿಗೂ ಓದು ಬಾರದವರಿಗೂ ಪುಸ್ತಕಕ್ಕಿಂತ ಧ್ವನಿಯೇ ಹತ್ತಿರವೆಂಬುದನ್ನೂ ಮರೆಯಬಾರದು.

ಮೂರನೆಯ ಆಕ್ಷೇಪವೇ ಗಂಭೀರವಾದದ್ದು. ಇನ್ನೊಬ್ಬರ ಸಂಕಟ ನಮಗೆ ವಿಹಾರವಾಗಿಬಿಡಬಹುದು. ಚಾಟಿಯ ಸದ್ದು, ಸರಪಳಿಯ ಸದ್ದು, ನಟರ ಅಳು ಇವನ್ನೆಲ್ಲ ಸೇರಿಸಿ ಮೈ ಜುಮ್ಮೆನ್ನಿಸುವುದು ಸುಲಭ. ಕೇಳಿದವನು ಕಣ್ಣೊರೆಸಿಕೊಂಡು, ಕಾಫಿ ಕುಡಿದು, ಮನೆಗೆ ಹೋಗಿ ಹಿಂದಿನಂತೆಯೇ ಬಾಳುತ್ತಾನೆ. ಶಿಲುಬೆ ಹಾದಿಯಲ್ಲಿ ಮೊಳೆ ಹೊಡೆಯುವ ಸದ್ದು ಯಾರೂ ಮಾಡುವುದಿಲ್ಲ. ಸರಳ ಮಾತು, ಒಂದು ಪ್ರಾರ್ಥನೆ, ಮೌನ, ಇಷ್ಟೇ ಇದೆ. ಆ ಸಂಯಮವೇ ನಮಗೆ ಮಾದರಿಯಾಗಬೇಕು.

ಹೇಗೆ ಮಾಡಬಹುದು

ಮೊದಲನೆಯದಾಗಿ, ಧ್ವನಿ ಅವರದಾಗಿರಬೇಕು. ಸಿದ್ದಿಗಳ ಕಥೆಯನ್ನು ಸಿದ್ದಿ ಹಿರಿಯರೇ, ತಮ್ಮ ಕೊಂಕಣಿಯಲ್ಲಿ ಅಥವಾ ಕನ್ನಡದಲ್ಲಿ ಹೇಳಬೇಕು. ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬ ತೀರ್ಮಾನವೂ ಅವರದೇ. ಅವರ ಕಾಲಕ್ಕೂ ಕಥೆಗೂ ಸಂಭಾವನೆ ಸಲ್ಲಬೇಕು. ಬಿಟ್ಟಿಯ ಇತಿಹಾಸವನ್ನು ಬಿಟ್ಟಿಯಾಗಿ ಹೇಳಿಸಿಕೊಳ್ಳುವುದು ನಾಚಿಕೆಗೇಡು. ಅವರ ಹಾಡು ಕುಣಿತಗಳನ್ನಷ್ಟೇ ದಾಖಲಿಸಿ ಅವರ ಜಮೀನಿನ ಹಕ್ಕುಪತ್ರದ ಪಾಡನ್ನು ಬಿಟ್ಟರೆ ಅದೂ ಅನ್ಯಾಯವೇ.

ಎರಡನೆಯದಾಗಿ, ನಡಿಗೆ ಊರಿನಲ್ಲೇ ಆರಂಭವಾಗಲಿ. ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳನ್ನು ಒಳಗೊಂಡ ನಮ್ಮ ಧರ್ಮಪ್ರಾಂತ್ಯ 1988ರಲ್ಲಿ ಸ್ಥಾಪನೆಯಾದದ್ದು. ಅದರ ಯುವಜನರ ಕೈಯಲ್ಲಿ ಇಂದು ಫೋನುಗಳಿವೆ, ಧ್ವನಿಮುದ್ರಣಕ್ಕೆ ಬೇರೆ ಯಂತ್ರ ಬೇಕಿಲ್ಲ. ಉಬ್ರಾಣಿಯ ಸುತ್ತಲಿನ ಕಾಡಂಚಿನಲ್ಲಿ ಸಂಪರ್ಕ ಸಿಗದಿದ್ದರೆ ಮೊದಲೇ ಫೋನಿಗೆ ಇಳಿಸಿಕೊಂಡು ಹೊರಡಬಹುದು. ಚನ್ನಗಿರಿಯ ಕೋಟೆಯ ಕೆಳಗೆ ಒಂದು ನಿಲುಗಡೆ, ಸೂಳೆಕೆರೆಯ ಏರಿಯ ಮೇಲೆ ಒಂದು, ಅಡಿಕೆ ಸುಲಿಯುವ ಚಪ್ಪರದ ಮುಂದೆ ಒಂದು. ಹಿಂದೆ ಜೀತಕ್ಕಿದ್ದು ಬಿಡುಗಡೆಯಾದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 1976ರಲ್ಲಿ ಹತ್ತು ವರ್ಷದ ದನಗಾಹಿಯಾಗಿದ್ದವನಿಗೆ ಈಗ ಅರವತ್ತು ತುಂಬುತ್ತಿದೆ. ಅವರ ಧ್ವನಿಯನ್ನು ಈಗ ಹಿಡಿದಿಡದಿದ್ದರೆ ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಕೇಳಲು ಯಾರೂ ಉಳಿದಿರುವುದಿಲ್ಲ. ಆತುರದ ಕೆಲಸವೆಂದರೆ ಇದೇ.

ಮೂರನೆಯದಾಗಿ, ನಡಿಗೆ ಮುಗಿಯುವ ಜಾಗದಲ್ಲಿ ಒಂದು ಕೆಲಸ ಆರಂಭವಾಗಬೇಕು. ಕೊನೆಯ ನಿಲುಗಡೆ ಒಂದು ಮೇಜು ಆಗಿರಲಿ. ಕನಿಷ್ಠ ಕೂಲಿಯ ದರಪಟ್ಟಿ ಅಲ್ಲಿರಲಿ. 2016ರ ಕೇಂದ್ರ ಯೋಜನೆಯಂತೆ ಜೀತವಿಮುಕ್ತರಿಗೆ ಸಲ್ಲುವ ಒಂದು, ಎರಡು, ಮೂರು ಲಕ್ಷ ರೂಪಾಯಿಗಳ ಪುನರ್ವಸತಿ ನೆರವಿನ ವಿವರ ಇರಲಿ. ಅರ್ಜಿ ಬರೆದುಕೊಡಲು ನಮ್ಮಲ್ಲಿನ ನಿವೃತ್ತ ಶಿಕ್ಷಕರೊಬ್ಬರು ಕುಳಿತಿರಲಿ. ತೋಟವಿರುವ ಕುಟುಂಬಗಳು ತಮ್ಮ ಆಳುಗಳ ಲೆಕ್ಕದ ಪುಸ್ತಕವನ್ನು ಅಂದು ರಾತ್ರಿ ಮನೆಯಲ್ಲಿ ಒಮ್ಮೆ ತೆರೆದು ನೋಡಲಿ. ಪ್ರಭು ಯೇಸು ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ಸೆರೆಯವರ ಬಿಡುಗಡೆಯನ್ನು ಸಾರಿದಾಗ, ಆ ಮಾತು ಅಂದೇ, ಕೇಳುತ್ತಿದ್ದವರ ಕಿವಿಯಲ್ಲೇ ನೆರವೇರಿತೆಂದು ಹೇಳಿದರು. ಕಿವಿಗೆ ಬಿದ್ದದ್ದು ಕೈಗೆ ಇಳಿಯದಿದ್ದರೆ ಧ್ವನಿನಡಿಗೆಯೂ ಒಂದು ತಿರುಗಾಟವೇ ಸರಿ.

ಇದಕ್ಕೆ ಫೆಬ್ರುವರಿಗಿಂತ ತಕ್ಕ ತಿಂಗಳಿಲ್ಲ. ಸೂಡಾನಿನಲ್ಲಿ ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ, ಕೈಯಿಂದ ಕೈಗೆ ಮಾರಾಟವಾಗಿ, 1889ರಲ್ಲಿ ಇಟಲಿಯ ನ್ಯಾಯಾಲಯದಲ್ಲಿ ಸ್ವತಂತ್ರಳೆಂದು ತೀರ್ಪು ಪಡೆದು, ಮುಂದೆ ಕನೋಸಿಯನ್ ಧರ್ಮಭಗಿನಿಯಾದ ಸಂತ ಜೋಸೆಫೀನ್ ಬಕಿತಾರ ಹಬ್ಬ ಫೆಬ್ರುವರಿ 8ರಂದು ಬರುತ್ತದೆ. 2000ದಲ್ಲಿ ಸಂತ ಪದವಿಗೇರಿದ ಆ ತಾಯಿಯ ಹಬ್ಬವನ್ನು 2015ರಿಂದ ಧರ್ಮಸಭೆ ಮಾನವ ಸಾಗಾಟದ ವಿರುದ್ಧದ ಪ್ರಾರ್ಥನಾ ದಿನವಾಗಿ ಆಚರಿಸುತ್ತಿದೆ. ಅದರ ಮರುದಿನವೇ ನಮ್ಮ ದೇಶದ ಜೀತ ನಿರ್ಮೂಲನ ಕಾಯಿದೆಯ ದಿನ. ಅದೇ ತಿಂಗಳಲ್ಲಿ ಗೊರೆ ದ್ವೀಪದ ಕ್ಷಮಾಯಾಚನೆ, ಅದೇ ತಿಂಗಳಲ್ಲಿ ನಮ್ಮ ಪೂರ್ವಜರು ಘಟ್ಟ ಹತ್ತಿದ ದಿನಗಳು.

ನಮ್ಮ ಗುರುಗಳು, ಧರ್ಮಕೇಂದ್ರದ ಪಾಲನಾ ಮಂಡಳಿಗಳು, ಯುವಜನ ಸಂಘಗಳು, ಧರ್ಮೋಪದೇಶದ ಶಿಕ್ಷಕರು ಈ ಬಗ್ಗೆ ಆಲೋಚಿಸಬೇಕೆಂದು ವಿನಂತಿ. ದೊಡ್ಡ ಯೋಜನೆ, ದೊಡ್ಡ ಹಣ ಬೇಕಿಲ್ಲ. ಒಬ್ಬ ಹಿರಿಯ, ಒಂದು ಫೋನು, ನಡೆಯಲು ಒಂದು ಮೈಲಿ ಹಾದಿ ಸಾಕು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಜನರಿಗೆ ದೇವರು ಕೊಟ್ಟ ಆಜ್ಞೆಗಳಲ್ಲಿ, ನೀವೂ ಒಮ್ಮೆ ದಾಸರಾಗಿದ್ದಿರಿ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ಮನೆಯ ಆಳಿಗೂ ಪರದೇಶಿಗೂ ವಾರದ ವಿಶ್ರಾಂತಿ ಕೊಡಬೇಕೆಂಬ ಆಜ್ಞೆಯ ಬೆನ್ನಿಗೇ ಆ ಎಚ್ಚರಿಕೆ ನಿಂತಿದೆ. ಶ್ರೀರಂಗಪಟ್ಟಣದ ನೆನಪು ನಮಗೆ ದೊರೆತಿರುವುದೂ ಅದೇ ಕಾರಣಕ್ಕೆ ಎಂದು ತಿಳಿದು ನಡೆದರೆ, ಆ ಹದಿನೈದು ವರ್ಷಗಳ ಕಣ್ಣೀರು ವ್ಯರ್ಥವಾಗದು.